ಅಜ್ಜಿ ಕೇಳಿದ ಪೊರೆ ಎಲ್ಲಿ ಹೋಯ್ತು?

ಹೋದ ತಿಂಗಳು ನಮ್ಮಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಮನೆಗೆ ಬಂದವಳು ಕೇಳಿದ್ದು ಒಂದೇ ಪ್ರಶ್ನೆ: "ತೆಗೆದ ಪೊರೆ ಎಲ್ಲೋ? ತೋರಿಸ್ಲೇ ಇಲ್ವಲ್ಲ?" ನಾನು ಬಿ.ಕಾಂ ಓದಿದವನು, ಏನಂತ ಹೇಳಲಿ? ಹುಡುಕ್ತಾ ಹೋದಾಗ ಗೊತ್ತಾಯ್ತು, ಈ ಪೊರೆ ವಿಷಯದಲ್ಲಿ ದೊಡ್ಡ ದೊಡ್ಡ ವೈದ್ಯರೇ ಸಾವಿರಕ್ಕೂ ಹೆಚ್ಚು ವರ್ಷ ತಪ್ಪು ತಿಳಿದಿದ್ದರು.

ನಮ್ಮ ಕಣ್ಣುಪಾಪೆ ಅಂದರೆ ಒಂದು ತೂತು, ಅಷ್ಟೇ. ಅದರ ಹಿಂದೆ ಲೆನ್ಸ್, ಕಣ್ಣಿನ ಹಿಂಗೋಡೆಗೆ ಅಂಟಿಕೊಂಡ ಹಾಗೆ ರೆಟಿನಾ. 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್, ನೋಡುವ ಮುಖ್ಯ ಅಂಗ ಲೆನ್ಸೇ ಅಂದ. ಹಾಗಾದ್ರೆ ಪಾಪೆ ಬೆಳ್ಳಗಾಗೋದು ಯಾಕೆ? ಲೆನ್ಸಿನ ಮುಂದೆ ಕೆಟ್ಟ ದ್ರವ ಇಳಿದು ಹೆಪ್ಪುಗಟ್ಟಿದೆ ಅಂತ ನಂಬಿದರು. ಕ್ಯಾಟರಾಕ್ಟ್ ಅನ್ನೋ ಪದಕ್ಕೆ ಜಲಪಾತ ಅನ್ನೋ ಅರ್ಥವೂ ಇದೆ. ನಮ್ಮ 'ಪೊರೆ' ಕೂಡ ಏನೋ ತೆರೆ ಮುಚ್ಚಿದೆ ಅಂತಲೇ ಹೇಳುತ್ತೆ.

ಚಿಕಿತ್ಸೆ? ಕಣ್ಣಿಗೆ ಸೂಜಿ ಚುಚ್ಚಿ ಆ 'ಪೊರೆ'ಯನ್ನು ಕೆಳಗೆ ತಳ್ಳೋದು. ಅರಿವಳಿಕೆ ಇಲ್ಲದ ಕಾಲ, ನೆನೆಸಿಕೊಂಡ್ರೇ ಮೈ ಜುಂ ಅನ್ನುತ್ತೆ. ಸುಶ್ರುತ ಸಂಹಿತೆಯಲ್ಲೂ ಇಂಥ ಸೂಜಿ ಚಿಕಿತ್ಸೆಯ ವಿವರ ಇದೆ. ಎಷ್ಟೋ ಜನರ ಕಣ್ಣು ಕೀವಾಗಿ ಹಾಳಾಗ್ತಿತ್ತು, ಆದರೆ ಕೆಲವರಿಗೆ ಮಸುಕಾಗಿಯಾದರೂ ಕಾಣ್ತಿತ್ತು. ತಪ್ಪು ಅಷ್ಟು ದಿನ ಬಾಳಿದ್ದು ಅದಕ್ಕೇ ಅನ್ಸುತ್ತೆ. ಟೋಟಲ್ ಸರಿ ಬಂದ್ರೆ ಒಳಗಿನ ಎಂಟ್ರಿ ಯಾರು ನೋಡ್ತಾರೆ ಹೇಳಿ? ನಿಜವಾಗಿ ಅವರು ತಳ್ಳುತ್ತಿದ್ದದ್ದು ಪೊರೆಯನ್ನಲ್ಲ, ಬೆಳ್ಳಗಾದ ಲೆನ್ಸನ್ನೇ! ಆದರೆ ಲೆನ್ಸೇ ನೋಡುತ್ತೆ ಅಂತ ನಂಬಿದವರು, ಲೆನ್ಸ್ ಹೋದ ಮೇಲೂ ಮನುಷ್ಯ ನೋಡ್ತಾನೆ ಅಂತ ಒಪ್ಪೋದು ಹೇಗೆ?

1604ರಲ್ಲಿ ಕೆಪ್ಲರ್, ಅದೇ ಗ್ರಹಗಳ ಲೆಕ್ಕದ ಕೆಪ್ಲರ್, ಲೆನ್ಸ್ ಬೆಳಕನ್ನು ಬಾಗಿಸುತ್ತೆ ಅಷ್ಟೇ, ಚಿತ್ರ ಮೂಡೋದು ರೆಟಿನಾದ ಮೇಲೆ, ಅದೂ ತಲೆಕೆಳಗಾಗಿ ಅಂತ ತೋರಿಸಿದ. ಆದರೂ ಪೊರೆಯ ನಂಬಿಕೆ ಇನ್ನೂ ನೂರು ವರ್ಷ ಅಲ್ಲಾಡಲಿಲ್ಲ. 1705ರಲ್ಲಿ ಫ್ರೆಂಚ್ ವೈದ್ಯ ಮಿಶೆಲ್ ಬ್ರಿಸ್ಸೋ, ಸತ್ತ ಸೈನಿಕನೊಬ್ಬನ ಕಣ್ಣಲ್ಲಿ ಸೂಜಿಯಿಂದ 'ಪೊರೆ' ತಳ್ಳಿ, ಆಮೇಲೆ ಕಣ್ಣನ್ನೇ ಬಿಚ್ಚಿ ನೋಡಿದ. ಕೆಳಗೆ ಬಿದ್ದಿದ್ದು ಲೆನ್ಸ್. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಹೇಳಿದರೆ ಅವರು ಒಪ್ಪಲಿಲ್ಲ. ಒಪ್ಪಿಕೊಂಡದ್ದು 1708ರಲ್ಲಿ.

ಆಮೇಲೆ ದಾರಿ ತೆರೀತು. ಕೆಟ್ಟಿದ್ದು ಲೆನ್ಸ್ ಅಂದ್ಮೇಲೆ ಕಣ್ಣೊಳಗೇ ಯಾಕೆ ಬಿಡಬೇಕು? 1747ರಲ್ಲಿ ಜಾಕ್ ದಾವಿಯೆಲ್ ಅದನ್ನು ಹೊರಗೇ ತೆಗೆದ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಆ ಖಾಲಿ ಜಾಗದಲ್ಲಿ ಪ್ಲಾಸ್ಟಿಕ್ ಲೆನ್ಸ್ ಇಟ್ಟ. ಅದಿಲ್ಲದಿದ್ರೆ ಅಜ್ಜಿಗೆ ಈಗ ಸೋಡಾ ಬುಡ್ಡಿ ಕನ್ನಡಕವೇ ಗತಿ.

ಅಜ್ಜಿಗೆ ಹೇಳಿದೆ: "ಪೊರೆ ಗಿರೆ ಏನೂ ಇರ್ಲಿಲ್ಲ ಅಜ್ಜಿ. ನಿನ್ನ ಲೆನ್ಸನ್ನೇ ಪುಡಿ ಮಾಡಿ ಹೀರಿ ತೆಗೆದು, ಪ್ಲಾಸ್ಟಿಕ್ಕಿಂದು ಹಾಕಿದಾರೆ."

"ಮೊದ್ಲೇ ಹೇಳಿದ್ರೆ ನಾನು ಆಸ್ಪತ್ರೆಗೇ ಬರ್ತಿರ್ಲಿಲ್ಲ," ಅಂದ್ಲು.