ಟ್ರೋಪಿನೋನಿನ ಎರಡು ದಾರಿಗಳು

ಸಂಯುಕ್ತ ತಯಾರಿಕೆಯ ಪ್ರಶ್ನೆ ಕಂಡೊಡನೆ ಮೊದಲ ಹಂತವನ್ನೇ ಬರೆಯತೊಡಗುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಇತಿಹಾಸ ರುಚಿಸೀತು. 1901ರಲ್ಲಿ ಜರ್ಮನಿಯ ವಿಲ್‌ಸ್ಟೆಟರ್, ಸೈಕ್ಲೋಹೆಪ್ಟನೋನಿನಿಂದ ಹೊರಟು, ಹತ್ತಕ್ಕೂ ಹೆಚ್ಚು ಹಂತಗಳನ್ನು ದಾಟಿ ಟ್ರೋಪಿನೋನನ್ನು ಪಡೆದರು. ಇಳುವರಿ ಶೇಕಡ ಒಂದಕ್ಕಿಂತಲೂ ಕಡಿಮೆ! 1917ರಲ್ಲಿ ಇಂಗ್ಲೆಂಡಿನ ರಾಬರ್ಟ್ ರಾಬಿನ್ಸನ್ ಕೊನೆಯಿಂದ ಯೋಚಿಸಿದರು. ಆ ಅಣುವನ್ನು ಕಲ್ಪನೆಯಲ್ಲೇ ಜಲವಿಭಜನೆಗೊಳಿಸಿದರೆ ಉಳಿಯುವ ತುಣುಕುಗಳಾವುವು? ಸಕ್ಸಿನಾಲ್ಡಿಹೈಡ್, ಮೀಥೈಲಮೀನ್, ಅಸಿಟೋನ್, ಮೂರೇ. ಅಸಿಟೋನಿನ ಬದಲು ಅಸಿಟೋನ್ ಡೈಕಾರ್ಬಾಕ್ಸಿಲಿಕ್ ಆಮ್ಲದ ಲವಣವನ್ನು ಬಳಸಿದಾಗ ಇಳುವರಿ ಬಹಳವಾಗಿ ಏರಿತು. ಎಲ್ಲವೂ ಒಂದೇ ಪಾತ್ರೆಯಲ್ಲಿ, ನೀರಿನಲ್ಲಿ.

ಆದರೂ ಅದು ಪ್ರತಿಭಾವಂತರೊಬ್ಬರ ಚಾತುರ್ಯವೆನಿಸಿತೇ ಹೊರತು ಪಾಠವಾಗಲಿಲ್ಲ. ಯಾವ ಬಂಧವನ್ನು, ಏಕೆ ಮೊದಲು ಕಡಿಯಬೇಕೆಂಬುದಕ್ಕೆ ನಿಯಮಗಳನ್ನು ರೂಪಿಸಿ, 1960ರ ದಶಕದಲ್ಲಿ ಅದನ್ನು ಕಲಿಸಬಹುದಾದ ವಿದ್ಯೆಯನ್ನಾಗಿಸಿದವರು ಹಾರ್ವರ್ಡಿನ ಇ. ಜೆ. ಕೋರಿ. ಅವರಿಗೆ ನೊಬೆಲ್ ಬಂದದ್ದು 1990ರಲ್ಲಿ. ಮೇಷ್ಟ್ರಾದ ನನಗೆ ರಾಬಿನ್ಸನ್ನರಿಗಿಂತ ಕೋರಿಯವರೇ ಹತ್ತಿರದವರು.