ಮಿದುಳಿನ ಸೂಕ್ಷ್ಮರಚನೆ ಮತ್ತು ವಿಸರಣ ಎಂಆರ್‌ಐ

ಎಂಆರ್‌ಐ ಯಂತ್ರವು ಮಿದುಳನ್ನು ಸಣ್ಣ ಸಣ್ಣ ಘನಗಳಾಗಿ ವಿಂಗಡಿಸಿ ನೋಡುತ್ತದೆ. ವಿಸರಣ ಎಂಆರ್‌ಐನಲ್ಲಿ ಇಂಥ ಘನದ ಬದಿ ಸಾಮಾನ್ಯವಾಗಿ 2 ಮಿಲಿಮೀಟರ್ ಆಸುಪಾಸು. ಅದರೊಳಗೆ ಹಾದುಹೋಗುವ ನರತಂತುಗಳ ದಪ್ಪವಾದರೋ ಬಹುತೇಕ 1 ಮೈಕ್ರಾನ್ ಮಾತ್ರ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ತಂತುಗಳ ಸುಳಿವು ಕೊಡುವುದು ಅಂಗಾಂಶದಲ್ಲಿರುವ ನೀರು. ಅಡೆತಡೆಯಿಲ್ಲದಿದ್ದರೆ ನೀರಿನ ಅಣುವು ದೇಹದ ಉಷ್ಣತೆಯಲ್ಲಿ 50 ಮಿಲಿಸೆಕೆಂಡುಗಳಲ್ಲಿ ಸುಮಾರು 17 ಮೈಕ್ರಾನ್ ಸರಿಯುತ್ತದೆ. ಮಿದುಳಿನಲ್ಲಿ ಜೀವಕೋಶಗಳ ಪೊರೆ, ಮಯಲಿನ್ ಹೊದಿಕೆಗಳು ತಡೆಯೊಡ್ಡುವುದರಿಂದ ಅದು ತಂತುವಿನ ಉದ್ದಕ್ಕೆ ಹೆಚ್ಚಾಗಿಯೂ ಅಡ್ಡಕ್ಕೆ ಕಡಿಮೆಯಾಗಿಯೂ ಚಲಿಸುತ್ತದೆ.

ಈ ಚಲನೆಯನ್ನು ಅಳೆಯುವ ವಿಧಾನವನ್ನು ಸ್ಟೆಜ್‌ಸ್ಕಲ್ ಮತ್ತು ಟ್ಯಾನರ್ 1965ರಲ್ಲಿ ವಿವರಿಸಿದರು. ಫ್ರಾನ್ಸಿನ ಡೆನಿ ಲ ಬಿಹಾನ್ 1980ರ ದಶಕದ ಮಧ್ಯದಲ್ಲಿ ಅದನ್ನು ಮಿದುಳಿನ ಚಿತ್ರಣಕ್ಕೆ ಬಳಸಿದರು. ಪಾರ್ಶ್ವವಾಯುವಿನ ಆರಂಭಿಕ ಪತ್ತೆಗೆ ಇಂದು ಇದು ಆಸ್ಪತ್ರೆಗಳ ನಿತ್ಯದ ಸಾಧನ.

ಪೀಟರ್ ಬ್ಯಾಸರ್ ಮತ್ತು ಸಂಗಡಿಗರು 1994ರಲ್ಲಿ ಮಂಡಿಸಿದ ಟೆನ್ಸರ್ ಮಾದರಿಯು ಪ್ರತಿ ಘನಕ್ಕೂ ಒಂದೇ ಮುಖ್ಯ ದಿಕ್ಕನ್ನು ನಿಗದಿಪಡಿಸುತ್ತದೆ. ತೊಡಕು ಇರುವುದು ಇಲ್ಲಿಯೇ. ಬಿಳಿ ದ್ರವ್ಯದ ಶೇ. 60ರಿಂದ 90ರಷ್ಟು ಘನಗಳಲ್ಲಿ ತಂತುಗಳು ಒಂದನ್ನೊಂದು ಹಾಯ್ದು ಹೋಗುತ್ತವೆಂದು 2013ರ ಒಂದು ಅಧ್ಯಯನ ಅಂದಾಜಿಸಿತು. ಕೈ ಮತ್ತು ಮುಖದ ಚಲನೆಯನ್ನು ನಿಯಂತ್ರಿಸುವ ತಂತುಗಳು ಇಂಥ ಕೂಡುದಾರಿಯಲ್ಲಿ ಟೆನ್ಸರ್ ಚಿತ್ರದಿಂದ ಮಾಯವಾಗುವುದುಂಟು. ಗೆಡ್ಡೆ ತೆಗೆಯುವ ಶಸ್ತ್ರವೈದ್ಯರು ಚಿತ್ರದಲ್ಲಿ ಇಲ್ಲದ್ದು ಮಿದುಳಿನಲ್ಲಿಯೂ ಇಲ್ಲವೆಂದು ನಂಬಿದರೆ ರೋಗಿಯ ಕೈ ಸ್ವಾಧೀನ ತಪ್ಪೀತು. ಆದ್ದರಿಂದಲೇ ಶಸ್ತ್ರಕ್ರಿಯೆಯ ವೇಳೆ ವಿದ್ಯುತ್ ಪ್ರಚೋದನೆಯಿಂದ ಖಚಿತಪಡಿಸಿಕೊಳ್ಳುವ ಕ್ರಮವಿದೆ.

ಸುಧಾರಣೆಗಳು ಎರಡು ಕಡೆಯಿಂದ ಬಂದಿವೆ. ಹೆಚ್ಚು ದಿಕ್ಕುಗಳಲ್ಲಿ, ಹಲವು ತೀವ್ರತೆಗಳಲ್ಲಿ ಅಳೆದು ಹಾಯುವ ತಂತುಗಳನ್ನು ಬೇರ್ಪಡಿಸುವ ಗಣಿತ ಒಂದು. 2012ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದ 'ನೋಡಿ' ಮಾದರಿಯು (ಕನ್ನಡಿಗರಿಗೆ ಹೆಸರೇ ಆಹ್ವಾನದಂತೆ ಕೇಳೀತು) ನೀರನ್ನು ತಂತುಗಳ ಒಳಗಿನದು, ಹೊರಗಿನದು, ಮುಕ್ತವಾದದ್ದು ಎಂದು ಮೂರಾಗಿ ವಿಂಗಡಿಸಿ ತಂತುಗಳ ಸಾಂದ್ರತೆಯನ್ನು ಅಂದಾಜಿಸುತ್ತದೆ. ಆದರೆ ಒಳಗಿನ ನೀರಿನ ವೇಗವನ್ನು ಅದು ಎಲ್ಲೆಡೆಯೂ ಒಂದೇ ಎಂದು ಮೊದಲೇ ಹಿಡಿದುಕೊಳ್ಳುತ್ತದೆ. ರೋಗದಿಂದ ಆ ವೇಗವೇ ಬದಲಾದಲ್ಲಿ, ತಂತುಗಳು ನಶಿಸದಿದ್ದರೂ ನಶಿಸಿದಂತೆ ಲೆಕ್ಕ ಬರಬಹುದು. ಊರಿನ ಒಟ್ಟು ಜನಸಂಖ್ಯೆ ಹಿಡಿದು ಮನೆಮನೆಯ ಸಂಸಾರವನ್ನು ಊಹಿಸುವ ಕೆಲಸವಿದು.

ಇನ್ನೊಂದು ಯಂತ್ರದ ಬಲ. ಆಸ್ಪತ್ರೆಗಳ ಸಾಮಾನ್ಯ ಯಂತ್ರಗಳಲ್ಲಿ ಕಾಂತಕ್ಷೇತ್ರದ ಇಳಿಜಾರು ಮೀಟರಿಗೆ 40ರಿಂದ 80 ಮಿಲಿಟೆಸ್ಲಾ. ಬಾಸ್ಟನ್ನಿನಲ್ಲಿ 2010ರ ದಶಕದ ಆರಂಭದಲ್ಲಿ ಸ್ಥಾಪಿಸಿದ 'ಕನೆಕ್ಟೋಮ್' ಯಂತ್ರದಲ್ಲಿ 300. ಆ ಬಲದಲ್ಲಿಯೂ ಸುಮಾರು 2 ಮೈಕ್ರಾನಿಗಿಂತ ತೆಳುವಾದ ತಂತುಗಳ ದಪ್ಪವನ್ನು ಅಳೆಯುವುದು ಬಲು ಕಷ್ಟ. ಕ್ಷೇತ್ರವನ್ನು ಇನ್ನೂ ವೇಗವಾಗಿ ಬದಲಿಸಹೊರಟರೆ ಒಳಗೆ ಮಲಗಿದವರ ನರಗಳೇ ಮಿಡಿಯತೊಡಗುತ್ತವೆ.