ಮಿಷನ್ ಭೂಗೋಳ

ಕಥೋಲಿಕ ಧರ್ಮಪ್ರಚಾರಕರ ಬದುಕು, ಪತ್ರ, ಪ್ರಯಾಣಗಳ ಮೂಲಕ ಮಕ್ಕಳಿಗೆ ಖಂಡ, ದೇಶ, ಜನಜೀವನಗಳನ್ನು ಪರಿಚಯಿಸುವ ರೂಢಿ. ಇದು ಸರ್ಕಾರಿ ಪಠ್ಯಕ್ರಮದ ಭಾಗವಲ್ಲ; ಧರ್ಮೋಪದೇಶ ತರಗತಿ, ಮಕ್ಕಳ ಸಂಘ, ಅಕ್ಟೋಬರ್ ತಿಂಗಳ ಜಪಮಾಲೆಗಳಲ್ಲಿ ಉಳಿದುಬಂದಿದೆ.

ನಕ್ಷೆಗಳ ಹಿನ್ನೆಲೆ

1602ರಲ್ಲಿ ಇಟಲಿಯ ಯೇಸುಸಭೆಯ ಮತ್ತೇಯೋ ರಿಚ್ಚಿ, ಲೀ ಝಿಝಾವೋ ಎಂಬ ಅಧಿಕಾರಿಯ ನೆರವಿನಿಂದ ಬೀಜಿಂಗಿನಲ್ಲಿ ಚೀನೀ ಲಿಪಿಯ ವಿಶ್ವನಕ್ಷೆಯನ್ನು ಅಚ್ಚುಹಾಕಿಸಿದ. ಆರು ಫಲಕಗಳ ಈ ನಕ್ಷೆಯ ನಡುವೆ ಪೆಸಿಫಿಕ್ ಸಾಗರವಿದೆ. ಯುರೋಪಿನ ನಕ್ಷೆಗಳಲ್ಲಿ ಅಂಚಿಗೆ ಬೀಳುತ್ತಿದ್ದ ಚೀನಾ ಇಲ್ಲಿ ಮಧ್ಯದ ಹತ್ತಿರ ಬಂತು. ನೋಡುವವರ ನೆಲದಿಂದ ಜಗತ್ತನ್ನು ತೋರಿಸಬೇಕೆಂಬ ಈ ವಿವೇಕ ಮುಂದಿನ ಮಿಷನ್ ನಕ್ಷೆಗಳಲ್ಲಿ ಅಪರೂಪ. ಲಿಯೋನಿನಲ್ಲಿ 1868ರಿಂದ ಹೊರಟ 'ಲೇ ಮಿಸ್ಯೋಂ ಕಥೋಲಿಕ್' ವಾರಪತ್ರಿಕೆಯಾಗಲಿ, ಯೇಸುಸಭೆಯ ಓಸ್ಕರ್ ವೆರ್ನರ್ 1884ರಲ್ಲಿ ಹೊರತಂದ ಮಿಷನ್ ಅಟ್ಲಾಸ್ ಆಗಲಿ ಜಗತ್ತನ್ನು ಗುರುತಿಸಿದ್ದು ಯುರೋಪಿನಿಂದ ಹೊರಟವರ ಕೇಂದ್ರಗಳ ಮೂಲಕವೇ.

ಮಕ್ಕಳ ಸಂಘ

ನಾನ್ಸಿಯ ಧರ್ಮಾಧ್ಯಕ್ಷ ಶಾರ್ಲ್ ದ ಫೋರ್ಬಾಂ-ಜಾನ್ಸನ್ 1843ರಲ್ಲಿ ಪವಿತ್ರ ಬಾಲ್ಯ ಸಂಘವನ್ನು ಸ್ಥಾಪಿಸಿದರು. ದಿನಕ್ಕೊಂದು ಪ್ರಾರ್ಥನೆ, ತಿಂಗಳಿಗೊಂದು ಸಣ್ಣ ನಾಣ್ಯ ಮಕ್ಕಳ ಪಾಲು; ಮೊದಲ ಗುರಿ ಚೀನಾದ ಅನಾಥ ಶಿಶುಗಳ ರಕ್ಷಣೆ. 1922ರಲ್ಲಿ ಸಂಘಕ್ಕೆ ಪೋಪರ ನೇರ ಮಾನ್ಯತೆ ದೊರೆಯಿತು. ದೂರದ ಮಗುವೂ ತನ್ನಂತೆಯೇ ಒಂದು ಮಗು ಎಂಬ ಅರಿವು ಇದರಿಂದ ಬೆಳೆದದ್ದು ನಿಜ. ಆದರೆ ಒಂದು ದೇಶವನ್ನು ಅದರ ಬಡತನದಿಂದಷ್ಟೇ ಗುರುತಿಸುವ ಅಭ್ಯಾಸವೂ ಜೊತೆಗೇ ಬಂತು. ಇದು ಈ ಬೋಧನೆಯ ದೊಡ್ಡ ಕೊರತೆ.

ಐದು ಬಣ್ಣದ ಜಪಮಾಲೆ

ಅಮೆರಿಕದ ಫುಲ್ಟನ್ ಶೀನ್ 1951ರಲ್ಲಿ ಬಳಕೆಗೆ ತಂದ ಮಿಷನ್ ಜಪಮಾಲೆಯಲ್ಲಿ ಹತ್ತು ಮಣಿಗಳ ಐದು ಗುಂಪುಗಳು: ಹಸಿರು ಆಫ್ರಿಕಕ್ಕೆ, ನೀಲಿ ಪೆಸಿಫಿಕ್ ದ್ವೀಪಗಳಿಗೆ, ಬಿಳಿ ಯುರೋಪಿಗೆ, ಕೆಂಪು ಅಮೆರಿಕ ಖಂಡಗಳಿಗೆ, ಹಳದಿ ಏಷ್ಯಕ್ಕೆ. ಓದು ಬಾರದ ಮಗುವಿಗೂ ಖಂಡಗಳು ಬೆರಳ ತುದಿಯಲ್ಲಿ ಸಿಗುತ್ತವೆ. ಅರಬ್ ಮರುಭೂಮಿಗೂ ಜಪಾನಿಗೂ ಒಂದೇ ಹಳದಿ ಬಣ್ಣವಿರುವುದರಿಂದ, ಇದನ್ನು ಪ್ರಾರ್ಥನೆಯ ಸಂಕೇತವೆಂದೇ ಭಾವಿಸಬೇಕು. ಹವಾಗುಣವನ್ನೋ ಭೂರಚನೆಯನ್ನೋ ಇದು ಕಲಿಸದು.

ಶಹಾಬಾದ ಸೀಮೆ

ಈಗಿನ ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1851ರಲ್ಲಿ ರೂಪುಗೊಂಡ ಹೈದರಾಬಾದ್ ಕಥೋಲಿಕ ಮಿಷನ್ನಿನಲ್ಲಿ ಮುಂದೆ ಮಿಲಾನಿನ ಮಿಷನರಿಗಳು ದುಡಿದರು. 1886ರಲ್ಲಿ ಅದು ಧರ್ಮಪ್ರಾಂತ್ಯವಾಯಿತು. ಕಲಬುರಗಿ ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು 2005ರಲ್ಲಿ. ಮೊದಲ ಧರ್ಮಾಧ್ಯಕ್ಷರು ರಾಬರ್ಟ್ ಮಿರಾಂದ. ಕ್ರೈಸ್ತರ ನೆಲೆಯಾಗಿ ಮುದಗಲ್ ಇವೆಲ್ಲಕ್ಕಿಂತ ಹಳೆಯದು. ಅಲ್ಲಿನ ಸಮುದಾಯ ಆದಿಲ್‌ಶಾಹಿ ಕಾಲದ್ದು.

ಇಲ್ಲಿನ ಮಗುವಿಗೆ ಜಗತ್ತಿನ ದಾರಿ ತೆರೆದದ್ದು ರೈಲು. ಮುಂಬಯಿ–ಮದರಾಸು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿತು. ವಾಡಿಯಿಂದ ಹೈದರಾಬಾದ್ ಕಡೆಯ ಹಳಿ 1874ರಲ್ಲಿ ಬಂತು. ಆದರೆ ಮಿಷನ್ ಕಥೆಗಳಲ್ಲಿ ಜನರೇ ತುಂಬಿದ್ದಾರೆ. ನೆಲ, ನೀರು, ಬೆಳೆ ವಿರಳ. ಆದ್ದರಿಂದ ಈ ಸೀಮೆಯ ಧರ್ಮೋಪದೇಶಕರು ಕಾಗಿಣಾ ನದಿ, ತೊಗರಿ ಹೊಲ, ಮನೆಯಂಗಳದ ಶಹಾಬಾದಿ ಫರಸಿಯಿಂದ ಪಾಠ ತೊಡಗಿ, ಆಮೇಲೆ ಯೇಸುಸಭೆಯ ಧರ್ಮಪ್ರಚಾರಕ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಬಂದಿಳಿದ ಗೋವಾಕ್ಕೂ ಅಲ್ಲಿಂದ ಚೀನಾಕ್ಕೂ ಮಕ್ಕಳನ್ನು ಕರೆದೊಯ್ಯಬೇಕು.